ರಂಜಿ ವಿಲ್ಸನ್‌ಗೆ ಎಲೆ ಹಾಕಲಿಲ್ಲ

ರಂಜಿ ಎಂದರೆ ನಮಗೆ ಕ್ರಿಕೆಟ್. ಕರ್ನಾಟಕ 8 ಸಲ ಗೆದ್ದ ಟ್ರೋಫಿ, ಹೆಚ್ಚೂಕಮ್ಮಿ ಖಾಲಿ ಸ್ಟ್ಯಾಂಡಿನಲ್ಲಿ ಕೂತು ನೋಡುವ ನಿಧಾನದ ಆಟ. ನವಾನಗರದ ರಣಜಿತ್‌ಸಿಂಹಜಿಯ ಆ ಹೆಸರು ರಗ್ಬಿ ಆಡುವ ಸಿಪಾಯಿಯೊಬ್ಬನಿಗೂ ಅಂಟಿಕೊಂಡಿತ್ತು ಎಂಬುದು ನನಗೆ ಗೊತ್ತಾದದ್ದು ಈಚೆಗೆ. ನಾನು ಮೊದಲ ಮಹಾಯುದ್ಧ ಮುಗಿದ ಮೇಲೆ ಸೈನಿಕರು ಊರಿಗೆ ಮರಳಿದ ಬಗೆಯನ್ನು ಕುರಿತು ಸಂಶೋಧನೆ ಮಾಡುತ್ತಿದ್ದೇನೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರಕ್ಕೆ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರಿಂದ ಶುರುವಾದ ಓದು ಎಲ್ಲೆಲ್ಲಿಗೋ ಹೋಗಿ, ಕೊನೆಗೆ ಈ ಇನ್ನೊಬ್ಬ ರಂಜಿಯ ಹತ್ತಿರ ನಿಂತುಬಿಟ್ಟಿತು. ಪ್ರಬಂಧದಲ್ಲಿ ಅವನಿಗೆ ಜಾಗವಿಲ್ಲ. ಆದರೂ ಬಿಟ್ಟು ಮುಂದೆ ಹೋಗಲಾಗಲಿಲ್ಲ.

ನಥಾನಿಯಲ್ ಆರ್ಥರ್ ವಿಲ್ಸನ್ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನವನು, ಹುಟ್ಟಿದ್ದು 1886ರಲ್ಲಿ. ತಂದೆಯ ಮೂಲ ವೆಸ್ಟ್ ಇಂಡೀಸ್, ತಾಯಿ ಇಂಗ್ಲಿಷ್ ಹೆಣ್ಣುಮಗಳು. ಮೈಬಣ್ಣ ನೋಡಿ ಜನ ಅವನನ್ನು ರಂಜಿ ಎಂದರು. ಅಡ್ಡಹೆಸರಿನಲ್ಲಿ ಮೆಚ್ಚುಗೆ ಎಷ್ಟು, ಗುರುತು ಹಚ್ಚುವ ಬುದ್ಧಿ ಎಷ್ಟು ಎಂದು ತೂಗುವುದು ಕಷ್ಟ. ಅದೇನೇ ಇರಲಿ, 1908ರಿಂದ 1914ರವರೆಗೆ ಅವನು ನ್ಯೂಜಿಲೆಂಡ್ ತಂಡದ, ಅಂದರೆ ಆಲ್ ಬ್ಲ್ಯಾಕ್ಸ್‌ನ ಆಟಗಾರ. 10 ಟೆಸ್ಟ್ ಪಂದ್ಯಗಳನ್ನು ಆಡಿದ. ಆಮೇಲೆ ಯುದ್ಧ ಬಂತು, ಸೇನೆ ಸೇರಿದ.

ಬ್ರಿಟನ್ನಿನಲ್ಲಿ ಭೂಸೇನೆ ಮತ್ತು ನೌಕಾಸೇನೆಗಳ ನಡುವಿನ ರಗ್ಬಿ ಹಳೆಯದು. ಮೊದಲ ಪಂದ್ಯ 1878ರಲ್ಲಿ ನಡೆಯಿತು, 1907ರಿಂದ ಅದು ವರ್ಷಕ್ಕೊಮ್ಮೆ ಬರುವ ಹಬ್ಬವಾಯಿತು. ಈಗಲೂ ಲಂಡನ್ನಿನ ಟ್ವಿಕನ್‌ಹ್ಯಾಮ್ ಕ್ರೀಡಾಂಗಣದಲ್ಲಿ ಆ ಪಂದ್ಯಕ್ಕೆ ಹತ್ತಾರು ಸಾವಿರ ಜನ ಸೇರುತ್ತಾರೆ. 1918ರಲ್ಲಿ ವಾಯುಪಡೆ ಹುಟ್ಟಿತು. ಮರುವರ್ಷದ ಮಾರ್ಚ್, ಏಪ್ರಿಲ್‌ನಲ್ಲಿ, ಊರಿಗೆ ಹೋಗುವ ಹಡಗಿಗೆ ಕಾಯುತ್ತ ಲಕ್ಷಾಂತರ ಸೈನಿಕರು ಇಂಗ್ಲೆಂಡಿನಲ್ಲಿ ಕೊಳೆಯುತ್ತಿದ್ದಾಗ, ಒಂದು ದೊಡ್ಡ ಪಂದ್ಯಾವಳಿ ಏರ್ಪಾಟಾಯಿತು. ಬ್ರಿಟಿಷ್ ಭೂಸೇನೆಯ ತಂಡ 'ಮದರ್ ಕಂಟ್ರಿ' ಎಂಬ ಹೆಸರಿನಲ್ಲಿ ಆಡಿತು. ಜೊತೆಗೆ ವಾಯುಪಡೆ, ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಕೆನಡಾ, ದಕ್ಷಿಣ ಆಫ್ರಿಕಾದ ಸೇನೆಗಳು. ಐದನೆಯ ಜಾರ್ಜ್ ದೊರೆ ಕೊಟ್ಟ ಬಹುಮಾನವಾದ್ದರಿಂದ ಕಿಂಗ್ಸ್ ಕಪ್. ಆ ಯುದ್ಧಕ್ಕೆ ಹತ್ತು ಲಕ್ಷಕ್ಕೂ ಮೇಲೆ ಸೈನಿಕರನ್ನು ಸಾಗರದಾಚೆ ಕಳಿಸಿದ ಭಾರತದ ತಂಡ ಅದರಲ್ಲಿ ಇರಲಿಲ್ಲ. ನಮ್ಮವರಿಗೆ ಆ ಆಟ ಬರುತ್ತಿರಲಿಲ್ಲ ಎನ್ನಬಹುದು, ನಿಜ. ಆದರೂ ದೊರೆಯ ಪಂಕ್ತಿಯಲ್ಲಿ ಯಾರಿಗೆ ಎಲೆ, ಯಾರಿಗೆ ಇಲ್ಲ ಎಂಬುದು ಆ ಪಟ್ಟಿಯಲ್ಲೇ ಕಾಣುತ್ತದೆ.

ನ್ಯೂಜಿಲೆಂಡ್ ಸೇನೆ ಆಸ್ಟ್ರೇಲಿಯಾಕ್ಕೆ ಒಂದೇ ಒಂದು ಅಂಕದಿಂದ ಸೋತಿತು, ಉಳಿದೆಲ್ಲರನ್ನೂ ಸೋಲಿಸಿತು. ಮದರ್ ಕಂಟ್ರಿಯೊಂದಿಗೆ ಸಮ ಸಮ ಆದಾಗ ಟ್ವಿಕನ್‌ಹ್ಯಾಮ್‌ನಲ್ಲಿ ಇನ್ನೊಂದು ಪಂದ್ಯ ಆಡಿ 9-3ರಿಂದ ಗೆದ್ದು ಕಪ್ ಎತ್ತಿತು. ಗೆದ್ದ ತಂಡದಲ್ಲಿ ರಂಜಿ ವಿಲ್ಸನ್ ಇದ್ದ.

ರಗ್ಬಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಅದು ಮುಟ್ಟುವ ಆಟ. ಚೆಂಡು ಹಿಡಿದು ಓಡುವವನನ್ನು ತೋಳಿನಿಂದ ಅಪ್ಪಿ ಕೆಡವಬೇಕು. ಆಟ ನಿಂತು ಮತ್ತೆ ಶುರುವಾಗುವಾಗ ಸ್ಕ್ರಮ್ ಎಂಬುದೊಂದಿದೆ: ಎರಡೂ ಕಡೆಯ ಮುಂಪಡೆಯವರು ಒಬ್ಬರ ಹೆಗಲ ಮೇಲೆ ಒಬ್ಬರು ತೋಳು ಬೆಸೆದು, ಬಾಗಿ, ಎದುರಾಳಿಯ ಭುಜಕ್ಕೆ ಭುಜ ಕೊಟ್ಟು ತಳ್ಳುತ್ತಾರೆ. ಬೆವರು, ಕೆಸರು, ಉಸಿರು ಎಲ್ಲ ಒಂದೇ. ವಿಲ್ಸನ್ ಈ ಮುಂಪಡೆಯವನು. ಒಬ್ಬನ ಮೈ ತಾಗದೆ ಆಡಲಾಗದ ಆಟ ಇದು. ಮುಟ್ಟು, ಮುಟ್ಟಬೇಡ ಎಂಬ ಮಾತಿನ ಭಾರ ಗೊತ್ತಿರುವ ನಾಡಿನವನಾಗಿ ನನಗೆ ಇದೇ ಮೊದಲು ಕಣ್ಣಿಗೆ ಬಿದ್ದದ್ದು.

ಕಪ್ ಗೆದ್ದ ಸೈನಿಕರನ್ನು ಊರಿಗೆ ಹೋಗುವ ದಾರಿಯಲ್ಲಿ ದಕ್ಷಿಣ ಆಫ್ರಿಕಾ ಆಡಲು ಕರೆಯಿತು. ಕರೆಯ ಜೊತೆಗೆ ಒಂದು ಕೋರಿಕೆ ಬಂತು: ಬಿಳಿಯರಲ್ಲದವರು ಬೇಡ. ವಿಲ್ಸನ್‌ನನ್ನೂ ಒಬ್ಬ ಮಾವೊರಿ ಆಟಗಾರನನ್ನೂ ಬಿಟ್ಟು ತಂಡ ಹೋಯಿತು, ಆಡಿತು.

ಇಷ್ಟೇ ಸಂಗತಿ. ಇದರಲ್ಲಿ ನನ್ನನ್ನು ಕಾಡುವುದು ಕರೆದವರು ಕೇಳಿದ್ದಲ್ಲ. ಬಾಗಿಲು ಹಾಕುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಕಾಡುವುದು, ತೋಳಿಗೆ ತೋಳು ಬೆಸೆದಿದ್ದವರು ಹೋದದ್ದು.

ಕಾಲದ ಮಾತು ತಕ್ಷಣ ಬರುತ್ತದೆ. ಅಂದಿನವರನ್ನು ಇಂದಿನ ಮೌಲ್ಯಗಳಿಂದ ಅಳೆಯಬಾರದು ಎಂದು ನನ್ನ ಶಿಸ್ತಿನ ಮೇಷ್ಟ್ರುಗಳೇ ಕಲಿಸಿದ್ದಾರೆ. ಸರಿ, ಅವರ ಮೌಲ್ಯಗಳಿಂದಲೇ ಅಳೆಯೋಣ. ಅವರು ವಿಲ್ಸನ್‌ನನ್ನು ಆರು ವರ್ಷ ತಮ್ಮ ದೇಶದ ತಂಡದಲ್ಲಿ ಆಡಿಸಿದ್ದರು. ದೊರೆಯ ಕಪ್ ಗೆಲ್ಲಲು ಅವನು ಬೇಕಾಗಿದ್ದ. ಅಂದರೆ ಅವನು ಸಮಾನ ಎಂಬುದು ಅವರೇ ಒಪ್ಪಿ ನಡೆದಿದ್ದ ಮಾತು. ಅವರು ಮೀರಿದ್ದು ಇಂದಿನ ನಮ್ಮ ಧರ್ಮವನ್ನಲ್ಲ, ಅಂದಿನ ತಮ್ಮದನ್ನೇ.

ಇನ್ನೊಂದು ಸಮಜಾಯಿಷಿ ಸೈನಿಕರದ್ದು: ಆಜ್ಞೆ. ಯುದ್ಧಭೂಮಿಯಲ್ಲಿ ಇದು ಸಣ್ಣ ಮಾತಲ್ಲ. ಆಜ್ಞೆ ಮೀರಿದವನನ್ನು ಗುಂಡಿಟ್ಟು ಕೊಂದ ಯುದ್ಧ ಅದು. ಆದರೆ ಇದು ಆಟ. ಡಚ್ ಇತಿಹಾಸಕಾರ ಯೋಹಾನ್ ಹೊಯ್ಜಿಂಗ 1938ರ 'ಹೋಮೋ ಲೂಡೆನ್ಸ್' ಪುಸ್ತಕದಲ್ಲಿ ಆಟದ ಮೊದಲ ಲಕ್ಷಣವಾಗಿ ಹೇಳುವುದು ಸ್ವಂತ ಇಚ್ಛೆಯನ್ನು. ಅಪ್ಪಣೆಯ ಮೇಲೆ ಆಡಿದ್ದು ಅವನ ಪ್ರಕಾರ ಆಟವೇ ಅಲ್ಲ. ನಾಲ್ಕು ವರ್ಷ ಅಪ್ಪಣೆಯಂತೆ ಬದುಕಿದವರಿಗೆ ಚೆಂಡು ಸಿಕ್ಕಿದಾಗಲಾದರೂ 'ಒಲ್ಲೆ' ಎನ್ನುವ ಅವಕಾಶ ಇತ್ತು. ರಗ್ಬಿ ಆಡುವುದಿಲ್ಲ ಎಂದವನಿಗೆ ಯಾರೂ ಗುಂಡು ಹೊಡೆಯುತ್ತಿರಲಿಲ್ಲ.

ಮಹಾಭಾರತದಲ್ಲಿ ಇಂಥದೇ ಒಂದು ಕಣವಿದೆ. ರಾಜಕುಮಾರರು ಕಲಿತ ವಿದ್ಯೆಯನ್ನು ಊರವರ ಮುಂದೆ ತೋರಿಸುವ ದಿನ ಕರ್ಣ ಬರುತ್ತಾನೆ, ಅರ್ಜುನ ಮಾಡಿದ್ದನ್ನೆಲ್ಲ ಮಾಡಿ ತೋರಿಸುತ್ತಾನೆ. ಆಗ ಕೃಪ ಕುಲ ಕೇಳುತ್ತಾನೆ. ಸಭೆಯಲ್ಲಿ ಭೀಷ್ಮನಿದ್ದಾನೆ, ದ್ರೋಣನಿದ್ದಾನೆ, ವಿದುರನಿದ್ದಾನೆ. ಕರ್ಣನ ಪಕ್ಕ ಬಂದು ನಿಲ್ಲುವವನು ದುರ್ಯೋಧನ. ಅವನಿಗೆ ಅರ್ಜುನನನ್ನು ಮುರಿಯಲು ಒಬ್ಬ ಬೇಕಿತ್ತು, ನಿಜ. ಸ್ವಾರ್ಥಕ್ಕಾಗಿ ಒಬ್ಬ ಸರಿಯಾದದ್ದನ್ನು ಮಾಡಿದ. ಯಾವ ಸ್ವಾರ್ಥವೂ ಇಲ್ಲದ ಒಳ್ಳೆಯವರು ಸುಮ್ಮನೆ ಕೂತಿದ್ದರು. ಮನಸ್ಸು ಶುದ್ಧವಾಗಿದ್ದರೆ ಸಾಕು ಎನ್ನುವ ನೀತಿಶಾಸ್ತ್ರ ಈ ಕಣದಲ್ಲಿ ಕಾಲು ಜಾರುತ್ತದೆ. ಕರ್ಣನಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದದ್ದು ಪಕ್ಕದಲ್ಲಿ ಒಬ್ಬ ಮನುಷ್ಯ.

ಇದನ್ನೆಲ್ಲ ಇಷ್ಟು ಬಿರುಸಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಎಂ.ಎ. ಓದುವಾಗ ಹಾಸ್ಟೆಲ್ಲಿನ ನಾವು ಆರು ಜನ ಮಲೆನಾಡಿನ ಒಬ್ಬ ಸಹಪಾಠಿಯ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಬೆಳಿಗ್ಗೆ ಕಾಫಿ ಕೊಡುತ್ತ ಅವನ ದೊಡ್ಡಪ್ಪ ಒಬ್ಬೊಬ್ಬರನ್ನೇ "ನೀವು ಯಾವ ಕಡೆಯೋರು, ಅಪ್ಪ ಏನ್ ಮಾಡ್ತಾರೆ?" ಎಂದು ವಿಚಾರಿಸಿದರು. ತುಂಬ ಪ್ರೀತಿಯಿಂದಲೇ. ಮಧ್ಯಾಹ್ನ ನಡುಮನೆಯಲ್ಲಿ ಎಲೆ ಹಾಕಿದಾಗ ಐದು ಎಲೆಗಳಿದ್ದವು. ಆರನೆಯವನಿಗೆ, ನನ್ನ ರೂಮ್‌ಮೇಟ್‌ಗೆ, "ನೀವು ಜಗಲೀಲಿ ಆರಾಮಾಗಿ ಕೂತ್ಕೊಳ್ಳಿ, ಅಲ್ಲಿಗೇ ಬಡಿಸ್ತಾರೆ" ಎಂದರು. ಯಾರ ದನಿಯೂ ಏರಲಿಲ್ಲ. ಅವನು ನಮ್ಮ ಮುಖ ನೋಡಿ, "ನೀವು ಊಟ ಮಾಡ್ರೋ, ನಂದೇನೂ ಇಲ್ಲ" ಎಂದ. ನಾವು ಕೂತೆವು. ಅಪ್ಪೆಹುಳಿ ಚೆನ್ನಾಗಿತ್ತು. ಎರಡನೆಯ ಹೋಳಿಗೆಗೆ ನಾನು ಬೇಡ ಅನ್ನಲಿಲ್ಲ.

ಎಷ್ಟೋ ವರ್ಷ ಅವನ ಆ ಮಾತು ನನ್ನ ಊರುಗೋಲಾಗಿತ್ತು. ಅವನೇ ಊಟ ಮಾಡಿ ಎಂದನಲ್ಲ! ವಿಲ್ಸನ್ ಕೂಡ ತನ್ನವರಿಗೆ "ಹೋಗಿ ಬನ್ನಿ" ಎಂದಿದ್ದರೆ? ಆಗ ಅವರ ತಪ್ಪು ಕಡಿಮೆಯಾಗುತ್ತಿತ್ತೆ? ಈಗ ನನಗೆ ಹಾಗನ್ನಿಸುವುದಿಲ್ಲ. ಹೊರಗೆ ನಿಂತವನ ಮುಂದೆ ಇರುವುದು ಎರಡೇ ದಾರಿ: ಗೆಳೆಯರ ಊಟ ಕೆಡಿಸುವುದು, ಇಲ್ಲವೇ ಅವರನ್ನು ನಿರಾಳ ಮಾಡುವುದು. ಅವನು "ಪರವಾಗಿಲ್ಲ" ಎಂದಾಗ ಕೊಡುತ್ತಿರುವುದು ಒಪ್ಪಿಗೆಯಲ್ಲ. ಅವಮಾನ ಅವನದು, ನಮ್ಮ ಮುಜುಗರವನ್ನು ಸಂಭಾಳಿಸುವ ಕೆಲಸವೂ ಅವನದೇ. ನಾವು ಐವರು ಸುಮ್ಮನೆ ಎದ್ದು ಜಗಲಿಗೆ ಹೋಗಿ ಕೂತಿದ್ದರೆ ಸಾಕಿತ್ತು. ಭಾಷಣ ಬೇಕಿರಲಿಲ್ಲ, ಜಗಳವೂ ಬೇಕಿರಲಿಲ್ಲ. ಇಷ್ಟು ಅಗ್ಗದ ಧೈರ್ಯವೂ ಇರಲಿಲ್ಲವಲ್ಲ ಎಂಬುದೇ ಚುಚ್ಚುವುದು.

ಒಮ್ಮೆ ಸಂಕೋಚದಿಂದ ಒಪ್ಪಿದ್ದು ರೂಢಿಯಾಗಲು ಬಹಳ ಕಾಲ ಬೇಕಾಗುವುದಿಲ್ಲ. 1928ರಲ್ಲಿ ಆಲ್ ಬ್ಲ್ಯಾಕ್ಸ್ ದಕ್ಷಿಣ ಆಫ್ರಿಕಾಕ್ಕೆ ಹೋದಾಗ ಜಾರ್ಜ್ ನೇಪಿಯಾನಂಥ ಮಾವೊರಿ ಆಟಗಾರನನ್ನೇ ಬಿಟ್ಟು ಹೋಯಿತು. 1949ರಲ್ಲಿ ಅದೇ. 1960ರಲ್ಲಿ 'ಮಾವೊರಿ ಇಲ್ಲದಿದ್ದರೆ ಪ್ರವಾಸವೂ ಬೇಡ' ಎಂದು ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರೂ ತಂಡ ಹೋಯಿತು. 1970ರಲ್ಲಿ ಮಾವೊರಿಗಳನ್ನು ಒಳಗೆ ಬಿಟ್ಟರು, 'ಗೌರವ ಬಿಳಿಯರು' ಎಂಬ ಹಣೆಪಟ್ಟಿ ಹಚ್ಚಿ. ಎರಡೂ ದೇಶಗಳ ರಗ್ಬಿ ಸಂಸ್ಥೆಗಳು ಮಾವೊರಿ ಆಟಗಾರರ ಕ್ಷಮೆ ಕೇಳಿದ್ದು 2010ರಲ್ಲಿ. ವಿಲ್ಸನ್ 1953ರಲ್ಲೇ ತೀರಿಕೊಂಡಿದ್ದ.

ಸಂಸ್ಥೆಗಳ ಕ್ಷಮಾಪಣೆಯ ಬಗ್ಗೆ ನನಗೆ ತಾತ್ಸಾರವೇನಿಲ್ಲ. ಆದರೆ ಆ ಕೋರಿಕೆಗೆ ತಲೆಯಾಡಿಸಿ ಹಡಗು ಹತ್ತಿದವರು ಸಂಸ್ಥೆಯಲ್ಲ. ವಿಲ್ಸನ್‌ನ ಹೆಗಲಿನ ಬಿಸಿ ಗೊತ್ತಿದ್ದ ಇಪ್ಪತ್ತು ಚಿಲ್ಲರೆ ಗಂಡಸರು. ಅವರ ಪರವಾಗಿ ಇನ್ನೊಬ್ಬರು ಕ್ಷಮೆ ಕೇಳಲು ಬರುತ್ತದೆಯೇ?

ಕಳೆದ ತಿಂಗಳು ಧೈರ್ಯ ಮಾಡಿ ರೂಮ್‌ಮೇಟ್‌ಗೆ ಫೋನ್ ಮಾಡಿದೆ. ಅವನೀಗ ಪದವಿಪೂರ್ವ ಕಾಲೇಜಿನಲ್ಲಿ ಉಪನ್ಯಾಸಕ. ಈ ರಂಜಿ ವಿಲ್ಸನ್ ಕತೆ ಹೇಳಿ, ಆ ಗೃಹಪ್ರವೇಶದ ಮಾತೆತ್ತಿದೆ. ಊಟದ ಸಂಗತಿ ಅವನಿಗೆ ದೊಡ್ಡದಾಗಿ ನೆನಪಿರಲಿಲ್ಲ. "ಅಂಥವು ಎಷ್ಟೋ ಆಗಿವೆ ಮಾರಾಯ, ಲೆಕ್ಕ ಇಟ್ಟಿಲ್ಲ" ಎಂದ. ಸ್ವಲ್ಪ ತಡೆದು, "ಆದ್ರೆ ಒಂದು ನೆನಪಿದೆ. ನೀವೆಲ್ಲ ಉಂಡು ಹೊರಗೆ ಬಂದ್ರಲ್ಲ, ಆಗ ನೀನು ನನ್ನ ಎಲೆ ನೋಡಿ, ಬೇಗ ಮುಗಿಸೋ, ಬಸ್ಸಿಗೆ ಹೊತ್ತಾಗತ್ತೆ ಅಂದೆ."

ನನಗೆ ಅದು ನೆನಪೇ ಇರಲಿಲ್ಲ.