ಎರಡನೆಯ ಶೀಲ ಮತ್ತು ನನ್ನ ಮೊಬೈಲು



ಅಕ್ಟೋಬರ್ 14ರ ಧಮ್ಮಚಕ್ರ ಪ್ರವರ್ತನ ದಿನದಿಂದ ದಿನಕ್ಕೊಂದು ಫೋಟೋ ತೆಗೆಯುವ ಹವ್ಯಾಸ ಹಚ್ಚಿಕೊಂಡೆ. ನಮ್ಮ ಜಾಂಬೋಟಿಯಲ್ಲಿ ಅದಕ್ಕೇನು ಕಡಿಮೆ? ಮುಂಜಾನೆಯ ಮಂಜು, ಚೋರ್ಲಾ ಘಾಟಿನತ್ತ ಹೊರಟ ಲಾರಿ, ಕಣಕುಂಬಿಯಿಂದ ಇಳಿದು ಬರುವ ಮಲಪ್ರಭೆ.

ಹನ್ನೊಂದನೇ ದಿನ, ಕಟ್ಟಿಗೆ ಹೊರೆ ಹೊತ್ತು ಬರುತ್ತಿದ್ದ ನಮ್ಮ ಓಣಿಯ ಅಜ್ಜಿಯ ಫೋಟೋ ಹೊಡೆದೆ. ಕೇಳಲಿಲ್ಲ. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ದಿನಾ ಪಂಚಶೀಲ ಹೇಳುತ್ತೇವೆ. ಕೊಡದೇ ಇದ್ದದ್ದನ್ನು ತೆಗೆದುಕೊಳ್ಳಬಾರದು ಎಂಬ ಎರಡನೆಯ ಶೀಲ ಹಣ, ವಸ್ತುವಿಗೆ ಮಾತ್ರ ಅಂತ ತಿಳಿದಿದ್ದೆ. ಬ್ರಿಟಿಷ್ ಸರ್ಕಾರ 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳನ್ನು ತಂದಿತು. ಅದರಲ್ಲಿ ಎಷ್ಟೋ ಮುಖಗಳ ಕೆಳಗೆ ಹೆಸರಿಲ್ಲ, ಜಾತಿ ಇದೆ! ನಾನು ಬರೆಯಲಿದ್ದ ಸಾಲೂ ‘ಕಟ್ಟಿಗೆ ಹೊತ್ತ ಬಡ ಮುದುಕಿ’ ಅಂತಲೇ.

ಅಳಿಸಿದೆ. ಆ ದಿನದ ಜಾಗ ಖಾಲಿಯೇ ಇದೆ.

ಮರುದಿನ ಮನೆಗೆ ಹೋಗಿ ಕೇಳಿದೆ. “ತಡಿಯಪ್ಪಾ” ಅಂದು ಒಳಗೆ ಹೋದವಳು ಬಿಳಿ ಸೀರೆ ಉಟ್ಟು ಬಂದು, ಗೋಡೆಯ ಬಾಬಾಸಾಹೇಬರ ಫೋಟೋ ಕೆಳಗೆ ಕೂತಳು. ಕೈ ಎಲ್ಲಿಡಬೇಕು ಅಂತ ತಾನೇ ನಿರ್ಧರಿಸಿದಳು. ಖಾನಾಪುರದಲ್ಲಿ ಪ್ರಿಂಟ್ ಹಾಕಿಸಿ ಕೊಟ್ಟು ಬಂದೆ.

“ನನ್ನ ಹೆಸರು ಯಾಕ ಬರದಿಲ್ಲ?” ಅಂತ ಕೇಳಿದಳು. ಪೆನ್ ತೆಗೆದೆ.