ಹಾಡಿದವರ ಹಾಡು

ಕೋಳಿಯೊಂದು ಕೋಡಗವನ್ನು ನುಂಗುತ್ತದಲ್ಲ, ಆ ಹಾಡು ಯಾರದು ಎಂದು ನಮ್ಮ ಕಡೆ ಯಾರನ್ನಾದರೂ ಕೇಳಿ ನೋಡಿ. ‘ಅಶ್ವಥ್ ಅವರದು’ ಎಂಬ ಉತ್ತರ ಥಟ್ಟನೆ ಬರುತ್ತದೆ. ಶಿಶುನಾಳ ಷರೀಫರ ಹೆಸರು ಆಮೇಲೆ ನೆನಪಾದರೆ ನೆನಪಾಯಿತು, ಇಲ್ಲದಿದ್ದರೆ ಇಲ್ಲ. ಕನ್ನಡ ಪಾಠ ಹೇಳುವ ನನ್ನಂಥವರಿಗೆ ಈ ಉತ್ತರದ ಮೇಲೆ ಕೆಂಪು ಶಾಯಿಯ ಗೆರೆ ಎಳೆಯುವುದು ಸುಲಭ. ಆದರೆ ಅದು ಪೂರ್ತಿ ತಪ್ಪೇ? ಬರೆದವರೊಬ್ಬರು, ರಾಗ ಹಾಕಿ ಹಾಡಿದವರೊಬ್ಬರು ಆದಾಗ ಹಾಡು ಯಾರ ಸ್ವತ್ತು? ಕೇಳಿದವರ ಋಣ ಯಾರಿಗೆ ಸಲ್ಲಬೇಕು?

ಒಡಿಶಾದ ಜನ ತುಂಬ ಪ್ರೀತಿಸಿದ ಅಕ್ಷಯ ಮೊಹಾಂತಿಯವರ ವಿಷಯದಲ್ಲಿ ಈ ತೊಡಕು ಕಡಿಮೆ. 2002ರಲ್ಲಿ ತೀರಿಕೊಂಡ ಅವರು ತಾವೇ ಬರೆದು, ತಾವೇ ಧಾಟಿ ಕಟ್ಟಿ, ತಾವೇ ಹಾಡಿದವರು. ನಮ್ಮ ಸುಗಮ ಸಂಗೀತ ಮಾತ್ರ ಮೊದಲಿನಿಂದಲೂ ಒಂದು ಕೂಡುಕುಟುಂಬ. ಕವಿಗಳದು ಒಂದು ಪಾಲು, ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅಂಥವರದು ಇನ್ನೊಂದು ಪಾಲು. ಕೂಡುಕುಟುಂಬದಲ್ಲಿ ಯಾರ ದುಡಿಮೆ ಎಷ್ಟೆಂದು ಯಾರೂ ಬರೆದಿಟ್ಟಿರುವುದಿಲ್ಲ.

ಷರೀಫರು ಹುಟ್ಟಿದ್ದು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ; ತೀರಿಕೊಂಡದ್ದು 1889ರಲ್ಲಿ. ಅಲ್ಲಿಂದ ಕ್ಯಾಸೆಟ್ಟಿನ ಕಾಲದವರೆಗೆ ಹತ್ತಿರ ಹತ್ತಿರ ನೂರು ವರ್ಷ ಆ ಪದಗಳನ್ನು ಯಾರು ಕಾಪಾಡಿದರು? ಧಾರವಾಡ ಸೀಮೆಯ ಭಜನೆ ಮೇಳದವರು, ಏಕತಾರಿ ಹಿಡಿದು ಊರೂರು ಸುತ್ತಿದವರು. ಹಗಲೆಲ್ಲ ಹೊಲದಲ್ಲಿ ದುಡಿದು ರಾತ್ರಿ ಗುಡಿಯ ಕಟ್ಟೆಯ ಮೇಲೆ ತಾಳ ಕುಟ್ಟಿದ ಅವರ ಹೆಸರು ಯಾವ ಕ್ಯಾಸೆಟ್ಟಿನ ಮೇಲೂ ಬರಲಿಲ್ಲ. ಅಶ್ವಥ್ ಅವರ ಕೀರ್ತಿಯಿಂದ ಷರೀಫರಿಗೆ ಅನ್ಯಾಯವಾಯಿತು ಎನ್ನುವವರು ಈ ಜನರನ್ನು ನೆನೆಯುವುದೇ ಇಲ್ಲವಲ್ಲ ಎಂಬುದು ನನಗೆ ಹೆಚ್ಚು ಕಾಡುವ ಮಾತು.

ಅಶ್ವಥ್ 1939ರ ಡಿಸೆಂಬರ್ 29ರಂದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಹುಟ್ಟಿದರು. 2009ರಲ್ಲಿ, ಅದೇ ತಾರೀಕಿಗೆ ಬೆಂಗಳೂರಿನಲ್ಲಿ ತೀರಿಕೊಂಡರು. ಹೊಟ್ಟೆಪಾಡಿಗೆ ಅವರು ಬಹುಕಾಲ ದುಡಿದದ್ದು ಐಟಿಐ ಕಾರ್ಖಾನೆಯಲ್ಲಿ. ಹೊಸಕೋಟೆಯಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಬೆಂಗಳೂರಿಗೆ ಹೋಗುವ ನಾವೆಲ್ಲ ದೂರವಾಣಿನಗರದಲ್ಲಿ ಅದೇ ಐಟಿಐನ ಗೋಡೆ ದಾಟಿಯೇ ಹೋಗಬೇಕು. ಟೆಲಿಫೋನು ತಯಾರಿಸುವ ಕಾರ್ಖಾನೆಯ ನೌಕರರೊಬ್ಬರು ಸತ್ತ ಸಂತರೊಬ್ಬರ ದನಿಯನ್ನು ಮನೆಮನೆಗೆ ಮುಟ್ಟಿಸಿದರು ಎನ್ನುವುದು, ಆ ಗೋಡೆ ಕಂಡಾಗಲೆಲ್ಲ ನನಗೆ ಬರುವ ಯೋಚನೆ. ಮೊದಲು ಕ್ಯಾಸೆಟ್ಟುಗಳು, ಆಮೇಲೆ 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ. ತಗ್ಗಿದ ದನಿಯಲ್ಲಿ ಮುದ್ದಾಗಿ ಹಾಡುವವರಲ್ಲ ಅವರು. ಎದೆ ಬಿಚ್ಚಿ, ಗಂಟಲು ಹರಿಯುವಂತೆ, ಎದುರಿಗಿರುವವನನ್ನು ಎಬ್ಬಿಸುವಂತೆ ಹಾಡಿದರು. ಬಯಲಿನ ಪದಕ್ಕೆ ಅಂಥ ಗಂಟಲೇ ಬೇಕಿತ್ತು.

ನಮ್ಮ ಹೋಬಳಿಯಲ್ಲಿ ಮನೆಯೊಳಗೆ ತೆಲುಗಾಡುವ ಮಕ್ಕಳು ಬಹಳ. ವ್ಯಾಕರಣಕ್ಕೆ ಬಗ್ಗದ ಕನ್ನಡ ಹಾಡಿಗೆ ಬಗ್ಗುತ್ತದೆ. ಆದರೆ ತೊಂದರೆಯೂ ಅಲ್ಲೇ ಇದೆ. ಅಶ್ವಥ್ ಧಾಟಿ ಒಮ್ಮೆ ಕಿವಿಗೆ ಬಿದ್ದರೆ ಮಕ್ಕಳು ಕುಣಿಯುತ್ತಾರೆ, ನಗುತ್ತಾರೆ, ಪದವನ್ನು ಕೇಳುವುದೇ ಇಲ್ಲ. ಒಂದೊಂದು ವಸ್ತುವೂ ಇನ್ನೊಂದನ್ನು ನುಂಗುತ್ತ ಹೋಗಿ ಕೊನೆಗೆ ಗುರುವಿನ ಪಾದ ಹಾಡುವವನನ್ನೇ ನುಂಗುವಲ್ಲಿಗೆ ಬರುವಷ್ಟರಲ್ಲಿ ತರಗತಿ ಚಪ್ಪಾಳೆಯಲ್ಲಿ ಮುಳುಗಿರುತ್ತದೆ. ಆದ್ದರಿಂದ ಮೊದಲು ಧಾಟಿ ಇಲ್ಲದೆ, ಬರೀ ಮಾತಿನಂತೆ ಓದಿಸುತ್ತೇನೆ. ಹಾಗೆ ಓದಿದ ಒಂದು ವರ್ಷ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಮಿಸ್, ಅವರನ್ನೇ ನುಂಗಿಬಿಟ್ಟ ಮೇಲೆ ಹಾಡ್ತಿರೋರು ಯಾರು?” ನಾನು ಉತ್ತರ ಹೇಳಲು ಹೋಗಲಿಲ್ಲ. ಆ ಪ್ರಶ್ನೆ ಕ್ಯಾಸೆಟ್ಟು ಕೇಳಿ ಹುಟ್ಟುತ್ತಿರಲಿಲ್ಲ. ಕ್ಯಾಸೆಟ್ಟು ಇಲ್ಲದಿದ್ದರೆ ಪದ ಅವಳವರೆಗೆ ಬರುತ್ತಲೂ ಇರಲಿಲ್ಲ.

ರಾಗ ಹಾಕಿದರೆ ಕವಿತೆ ಕೆಡುತ್ತದೆ ಎನ್ನುವವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಅಚ್ಚಾದದ್ದು 1942ರಲ್ಲಿ. ಗಂಡಹೆಂಡಿರ ನಡುವೆ ಪಿಸುಮಾತಿನಲ್ಲಿ ಮುಗಿಯಬೇಕಾದ ಸಂಗತಿಗಳು ಅದರ ಕವಿತೆಗಳಲ್ಲಿವೆ. ಅವನ್ನು ಮೈಕಿನ ಮುಂದೆ ಹತ್ತಾರು ಕೊರಳು ಸೇರಿ ಹಾಡಿದಾಗ ನನಗೆ ಮುಜುಗರವಾಗುತ್ತದೆ. 2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವಥ್ ನಡೆಸಿದ ‘ಕನ್ನಡವೇ ಸತ್ಯ’ಕ್ಕೆ ಜನಸಾಗರ ಸೇರಿತು. ಭಾವಗೀತೆ ಕೇಳಲು ಅಷ್ಟು ಜನ! ಆ ರಾತ್ರಿ ಕನ್ನಡಕ್ಕೆ ಒಳ್ಳೆಯದಾಯಿತು. ಒಂದೊಂದು ಕವಿತೆಗೂ ಒಳ್ಳೆಯದಾಯಿತೇ ಎಂದರೆ, ಎಲ್ಲಕ್ಕೂ ಅಲ್ಲ ಎನ್ನುತ್ತೇನೆ.

ಹಣದ ಲೆಕ್ಕಕ್ಕೆ ಕಾನೂನಿದೆ. ಕವಿ ತೀರಿದ 60 ವರ್ಷದವರೆಗೆ ಹಕ್ಕು ಉಳಿಯುತ್ತದೆ. ಗೀತೆ ಬರೆದವರಿಗೂ ರಾಗ ಕಟ್ಟಿದವರಿಗೂ ರಾಯಧನದ ಪಾಲು ತಪ್ಪಬಾರದೆಂದು 2012ರ ತಿದ್ದುಪಡಿ ಹೇಳಿತು. ಷರೀಫರು ಆ ಅವಧಿಯ ಆಚೆಗಿದ್ದಾರೆ, ಭಜನೆ ಮೇಳದವರು ಕಾನೂನಿನ ಕಣ್ಣಿಗೇ ಬೀಳುವುದಿಲ್ಲ. ಇವರಿಗೆ ಕೊಡಬಹುದಾದದ್ದು ಹೆಸರು, ಅಷ್ಟೆ. ಅದನ್ನು ಕೊಡಬೇಕಾದವರು ಹಾಡುಗಾರರಿಗಿಂತ ಹೆಚ್ಚಾಗಿ ಕೇಳುವ ನಾವು. ನನ್ನ ತರಗತಿಯಲ್ಲಿ ಹಾಡು ಹೇಳುವ ಮಗು ಮೊದಲು ಬರೆದವರ ಹೆಸರು, ಆಮೇಲೆ ರಾಗ ಹಾಕಿದವರ ಹೆಸರು ಹೇಳಬೇಕೆಂಬ ಪದ್ಧತಿ ಇಟ್ಟಿದ್ದೇನೆ. ಜಾನಪದವಾದರೆ ‘ಅಜ್ಜಿ ಹೇಳಿಕೊಟ್ಟದ್ದು’ ಎಂದರೂ ಸಾಕು.

ನಾಡಗೀತೆಯ ಗೊಂದಲ ನೆನಪಿರಬಹುದು. ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಅನಂತಸ್ವಾಮಿಯವರ ಧಾಟಿಯೋ ಅಶ್ವಥ್ ಅವರದೋ ಎಂಬ ಜಗ್ಗಾಟ ವರ್ಷಗಟ್ಟಲೆ ನಡೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು, ಎರಡೂವರೆ ನಿಮಿಷದ ಅವಧಿಯನ್ನು ಗೊತ್ತುಮಾಡಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2024ರಲ್ಲಿ ವಜಾ ಮಾಡಿತು. ಪ್ರಾರ್ಥನೆಗೆ ನಿಂತ ಮಕ್ಕಳೆಲ್ಲ ಒಂದೇ ಸಮ ಹಾಡಬೇಕಾದಲ್ಲಿ ಇಂಥ ಆದೇಶ ಬೇಕು, ತಕರಾರಿಲ್ಲ. ಷರೀಫರ ಪದಕ್ಕೆ ಯಾರೂ ಆದೇಶ ಹೊರಡಿಸಿಲ್ಲ. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಶಿಶುನಾಳದ ಗದ್ದುಗೆಯ ಸೀಮೆಯಲ್ಲಿ ಭಜನೆಯವರು ಇವತ್ತಿಗೂ ತಮ್ಮ ಹಳೆಯ ಧಾಟಿಯಲ್ಲಿ ಹಾಡುತ್ತಾರೆ. ಅಶ್ವಥ್ ಹಾಡಿದ್ದನ್ನು ಕೇಳಿ ಬೆಳೆದ ನನ್ನ ಕಿವಿಗೆ ಅದು ಮೊದಮೊದಲು ನಿಧಾನ ಎನ್ನಿಸಿತು.