ಸೆರೆಯಾಗಿ ಬಂದ ಹುಡುಗಿಯ ಮಾತು

(2 ಅರಸುಗಳು 5ನೇ ಅಧ್ಯಾಯ, 1ರಿಂದ 14ನೇ ವಚನಗಳು)



ಅರಾಮ್ಯರ ಸೇನಾಪತಿಯಾದ ನಾಮಾನನ ಕಥೆಯನ್ನು ನಾವೆಲ್ಲರೂ ಬಲ್ಲೆವು. ಅವನಿಗೆ ಅಧಿಕಾರವಿತ್ತು, ಐಶ್ವರ್ಯವಿತ್ತು, ಅರಸನ ಮನ್ನಣೆಯಿತ್ತು; ಆದರೆ ಮೈಮೇಲೆ ಕುಷ್ಠವಿತ್ತು. ಅವನಿಗೆ ಗುಣದ ದಾರಿಯನ್ನು ತೋರಿಸಿದವರು ಯಾರು? ಮಂತ್ರಿಗಳಲ್ಲ, ಪಂಡಿತರಲ್ಲ. ಇಸ್ರಾಯೇಲ್ ದೇಶದಿಂದ ಸೆರೆಯಾಗಿ ತರಲ್ಪಟ್ಟು ಅವನ ಹೆಂಡತಿಯ ಊಳಿಗದಲ್ಲಿದ್ದ ಒಬ್ಬ ಚಿಕ್ಕ ಹುಡುಗಿ. ಶಾಸ್ತ್ರವು ಅವಳ ಹೆಸರನ್ನು ಸಹ ತಿಳಿಸುವದಿಲ್ಲ.

ಈ ಹುಡುಗಿಯಲ್ಲಿ ಮೂರು ಸಂಗತಿಗಳನ್ನು ಕಾಣುತ್ತೇವೆ. ಅವಳಿಗೆ ಸತ್ಯವು ತಿಳಿದಿತ್ತು. ತಿಳಿದದ್ದನ್ನು ತನ್ನ ಸಮೀಪದಲ್ಲಿದ್ದವರಿಗೆ ಹೇಳಿದಳು. ತಾನೇ ಗುಣಮಾಡುವೆನೆಂದು ಹೇಳದೆ ಸಹಾಯವಿರುವ ಸ್ಥಳವನ್ನು ತೋರಿಸಿದಳು. ಎಚ್.ಐ.ವಿ. ಎಂಬ ಸೋಂಕಿನ ವಿಷಯದಲ್ಲಿ ನಮ್ಮ ಸಭೆಗಳ ಯೌವನಸ್ಥರು ತಮ್ಮ ಓರಗೆಯವರಿಗೆ ಮಾಡಬಹುದಾದ ಸೇವೆಯು ಇದೇ. ಕುಷ್ಠಕ್ಕೂ ಈ ಸೋಂಕಿಗೂ ಸಂಬಂಧವಿಲ್ಲ. ನಾವು ಇಲ್ಲಿ ನೋಡತಕ್ಕದ್ದು ರೋಗವನ್ನಲ್ಲ, ಆ ಹುಡುಗಿಯನ್ನೇ.

ಒಂದನೆಯದು: ಅವಳಿಗೆ ಸತ್ಯವು ತಿಳಿದಿತ್ತು. ನಮ್ಮ ದೇಶದಲ್ಲಿ ಈ ಸೋಂಕು ಮೊದಲು 1986ರಲ್ಲಿ ಚೆನ್ನೈಯಲ್ಲಿ ಕಂಡುಬಂತು. ಅಂದಿನಿಂದ ಎಷ್ಟೋ ವರುಷಗಳು ಕಳೆದರೂ ಹಳ್ಳಿಗಳಲ್ಲಿ ಇದರ ವಿಷಯವಾಗಿ ಪಿಸುಮಾತೇ ಹೊರತು ಸ್ಪಷ್ಟವಾದ ಮಾತು ವಿರಳ. ತಂದೆತಾಯಿಗಳು ನಾಚಿಕೆಯಿಂದ ಸುಮ್ಮನಿರುತ್ತಾರೆ, ಪ್ರಸಂಗಪೀಠವೂ ಸುಮ್ಮನಿರುತ್ತದೆ. ಆದರೆ ಹಿರಿಯರು ಬಿಟ್ಟ ಸ್ಥಳವು ಬರಿದಾಗಿ ಉಳಿಯುವದಿಲ್ಲ. ಕೈಯಲ್ಲಿರುವ ಮೊಬೈಲೂ ಸಂತೆಯ ಹರಟೆಯೂ ಅರ್ಧ ಸತ್ಯವನ್ನೂ ಅರ್ಧ ಸುಳ್ಳನ್ನೂ ತಂದು ಅದನ್ನು ತುಂಬುತ್ತವೆ.

ಸತ್ಯವೇನಂದರೆ, ಸೋಂಕುಳ್ಳವರೊಂದಿಗಿನ ಅಸುರಕ್ಷಿತ ದೇಹಸಂಪರ್ಕದಿಂದಲೂ, ಸೋಂಕಿರುವ ರಕ್ತದಿಂದಲೂ, ಒಬ್ಬರು ಬಳಸಿದ ಸೂಜಿಯನ್ನು ಮತ್ತೊಬ್ಬರು ಬಳಸುವದರಿಂದಲೂ, ತಾಯಿಯಿಂದ ಗರ್ಭದಲ್ಲಿಯೂ ಹೆರಿಗೆಯಲ್ಲಿಯೂ ಎದೆಹಾಲಿನಲ್ಲಿಯೂ ಮಗುವಿಗೂ ಇದು ಬರುತ್ತದೆ. ಜೊತೆಯಲ್ಲಿ ಉಣ್ಣುವದರಿಂದ ಬರುವದಿಲ್ಲ, ಕೈಹಿಡಿಯುವದರಿಂದ ಬರುವದಿಲ್ಲ, ಸೊಳ್ಳೆಯಿಂದ ಬರುವದಿಲ್ಲ, ಕರ್ತನ ಭೋಜನದ ಒಂದೇ ಪಾತ್ರೆಯಲ್ಲಿ ಕುಡಿಯುವದರಿಂದಲೂ ಬರುವದಿಲ್ಲ. 2004ರಿಂದ ಸರಕಾರವು ಇದರ ಔಷಧವನ್ನು ಉಚಿತವಾಗಿ ಕೊಡುತ್ತಿದೆ. ಸೋಂಕನ್ನು ಪೂರಾ ಹೋಗಲಾಡಿಸುವ ಔಷಧವು ಇದಲ್ಲ. ಆದರೂ ಪ್ರತಿದಿನ ತಪ್ಪದೆ ಸೇವಿಸುವವರು ದೀರ್ಘಕಾಲ ಬಾಳುತ್ತಾರೆ, ದುಡಿಯುತ್ತಾರೆ, ಮದುವೆಯಾಗುತ್ತಾರೆ. ಪರೀಕ್ಷೆಯಲ್ಲಿ ಕಾಣದಷ್ಟು ವೈರಾಣು ತಗ್ಗಿ ಹಾಗೆಯೇ ಉಳಿದಿದ್ದರೆ ಅವರಿಂದ ಸಂಗಾತಿಗೆ ದೇಹಸಂಪರ್ಕದಲ್ಲಿ ಸೋಂಕು ತಗಲುವದಿಲ್ಲ. ತಾಯಿಯು ಸಕಾಲದಲ್ಲಿ ಔಷಧ ತೆಗೆದುಕೊಂಡರೆ ಮಗುವಿಗೆ ಹರಡುವ ಸಂಭವವು ನೂರಕ್ಕೆ 5ಕ್ಕಿಂತಲೂ ಕೆಳಗಿಳಿಯುತ್ತದೆ.

ವಿವಾಹದ ಪಾವಿತ್ರ್ಯವನ್ನು ಕಾಪಾಡಿರೆಂದು ಸಭೆಯು ಬೋಧಿಸುತ್ತದೆ. ಇನ್ನು ಮುಂದೆಯೂ ಬೋಧಿಸಬೇಕು. ಆದರೆ ನಂಬಿಗಸ್ತಳಾದ ಹೆಂಡತಿಗೂ ಗಂಡನಿಂದ ಸೋಂಕು ಬಂದದ್ದುಂಟು. ಆದದರಿಂದ ಪರೀಕ್ಷೆಯ ವಿಷಯವನ್ನೂ ಕಾಂಡೋಮಿನಿಂದಾಗುವ ರಕ್ಷಣೆಯನ್ನೂ ಮರೆಮಾಡುವದು ಪಾವಿತ್ರ್ಯವಲ್ಲ.

ಎರಡನೆಯದು: ಹುಡುಗಿಯು ತನ್ನ ಸಮೀಪದಲ್ಲಿದ್ದವರಿಗೆ ಹೇಳಿದಳು. ತನ್ನನ್ನು ಸೆರೆಗೊಯ್ದವರ ಮನೆಯೆಂದು ಹಗೆಯಿಂದ ಬಾಯಿಮುಚ್ಚಿಕೊಂಡಿರಲಿಲ್ಲ. ಯೌವನಸ್ಥನು ಪಾದ್ರಿಯವರ ಮುಂದೆ ಕೇಳಲಾರದ ಪ್ರಶ್ನೆಯನ್ನು ಹೊಲದ ಬದುವಿನ ಮೇಲೆ ಗೆಳೆಯನನ್ನು ಕೇಳುತ್ತಾನೆ. ಹುಡುಗಿಯು ತಾಯಿಗೆ ಹೇಳದ್ದನ್ನು ನೀರಿಗೆ ಹೋಗುವಾಗ ಗೆಳತಿಗೆ ಹೇಳುತ್ತಾಳೆ. ಆ ಗೆಳೆಯನಿಗೂ ಆ ಗೆಳತಿಗೂ ಸತ್ಯವು ತಿಳಿದಿರಬೇಕೆಂಬದೇ ಓರಗೆಯವರ ಬೋಧನೆಯ ತಿರುಳು. ನಮ್ಮ ರಾಜ್ಯದ ಕಾಲೇಜುಗಳಲ್ಲಿ ರೆಡ್ ರಿಬ್ಬನ್ ಕ್ಲಬ್ಬುಗಳು ಈ ಕೆಲಸವನ್ನು ಮಾಡುತ್ತವೆ. ಆದರೆ ಶಾಲೆ ಬಿಟ್ಟು ಕೂಲಿಗಾಗಿ ಬೆಂಗಳೂರಿಗೋ ಮಂಗಳೂರಿಗೋ ಹೊರಡುವ ನಮ್ಮ ಮಕ್ಕಳಿಗೆ ಕಾಲೇಜು ಎಲ್ಲಿ? ಅವರಿಗೆ ಸಭೆಯ ಯುವಜನ ಸಂಘವೇ ಗತಿ.

ಸೋಂಕುಳ್ಳವರು ಕಲಿಸಲಾರರೆಂದು ಯಾರೂ ನೆನಸದಿರಲಿ. ಉಗಾಂಡ ದೇಶದ ಆಂಗ್ಲಿಕನ್ ಪಾದ್ರಿಯಾದ ಗಿಡಿಯನ್ ಬ್ಯಾಮುಗಿಶಾರವರು ತಮಗೆ ಸೋಂಕಿದೆಯೆಂದು 1992ರಲ್ಲಿ ಬಹಿರಂಗವಾಗಿ ಹೇಳಿ ಅನೇಕ ಸಭೆಗಳ ಮೌನವನ್ನು ಮುರಿದರು. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿನಿಂದಲೇ ಸೋಂಕುಳ್ಳ ಎನ್ಕೋಸಿ ಜಾನ್ಸನ್ ಎಂಬ ಬಾಲಕನು 2000ದಲ್ಲಿ ಡರ್ಬನ್ ಪಟ್ಟಣದ ಲೋಕಸಮ್ಮೇಳನದಲ್ಲಿ, ತನ್ನ 11ನೇ ವಯಸ್ಸಿನಲ್ಲಿ, ಸಾವಿರಾರು ಮಂದಿಯ ಮುಂದೆ ನಿಂತು ಮಾತಾಡಿದನು. ಮಾರನೆಯ ವರುಷ ತೀರಿಹೋದನು. ಅವನ ಮಾತು ಇನ್ನೂ ತೀರಿಹೋಗಲಿಲ್ಲ.

ಮೂರನೆಯದು: ಹುಡುಗಿಯು ತಾನೇ ಪ್ರವಾದಿಯಾಗಲಿಲ್ಲ; ಪ್ರವಾದಿಯಿರುವ ಊರನ್ನು ತೋರಿಸಿದಳು. ಓರಗೆಯವರಿಗೆ ಕಲಿಸುವವನು ವೈದ್ಯನಲ್ಲ, ನ್ಯಾಯಾಧಿಪತಿಯೂ ಅಲ್ಲ. ಬರಿದಾದ ಮಾತು ಅರಿವನ್ನು ಹೆಚ್ಚಿಸಬಹುದು. ಪರೀಕ್ಷೆಗೂ ಔಷಧಕ್ಕೂ ದಾರಿಯಾಗದಿದ್ದರೆ ಅದು ಅರ್ಧ ಕೆಲಸವೇ. ಸರಕಾರಿ ಆಸ್ಪತ್ರೆಗಳ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಪರೀಕ್ಷೆಯು ಉಚಿತ, ಫಲಿತಾಂಶವು ಗುಟ್ಟು. 1097 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಣವಿಲ್ಲದೆ ಸಲಹೆ ದೊರೆಯುವದು. ಗೆಳೆಯನೊಬ್ಬನು ಹೆದರಿಕೊಂಡಿದ್ದರೆ ಅವನ ಜೊತೆಯಲ್ಲಿ ಬಸ್ಸು ಹತ್ತಿ ಆಸ್ಪತ್ರೆಯ ಬಾಗಿಲ ವರೆಗೆ ಹೋಗುವದೂ, ಹಿಂದಿರುಗಿ ಬಂದ ಮೇಲೆ ಬಾಯಿ ಬಿಡದಿರುವದೂ ದೊಡ್ಡ ಸೇವೆ. 2017ರ ಎಚ್.ಐ.ವಿ. ಕಾನೂನು ಒಬ್ಬರ ಸೋಂಕಿನ ಸಂಗತಿಯನ್ನು ಒಪ್ಪಿಗೆಯಿಲ್ಲದೆ ಹೊರಗೆಡಹುವದನ್ನು ನಿಷೇಧಿಸುತ್ತದೆ. ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ಭೇದ ಮಾಡಬಾರದೆನ್ನುತ್ತದೆ. ಅದೇ ಕಾನೂನು, ಸೋಂಕು ಬಂದ ಮನೆಯನ್ನು ನಡಿಸುವ 12 ವರುಷ ತುಂಬಿದ ತಿಳುವಳಿಕೆಯುಳ್ಳ ಮಗುವನ್ನು ತನ್ನ ತಮ್ಮತಂಗಿಯರ ಪೋಷಕನೆಂದು ಒಪ್ಪುತ್ತದೆ. ದೇಶದ ಕಾನೂನು ಹನ್ನೆರಡರ ಮಗುವಿನ ಮೇಲೆ ಅಷ್ಟು ಭರವಸವಿಡುವಾಗ, ಸಭೆಯು ಇಪ್ಪತ್ತರ ಯೌವನಸ್ಥರನ್ನು ಕುರ್ಚಿ ಜೋಡಿಸುವದಕ್ಕೆ ಮಾತ್ರ ಕರೆಯುವದು ತಕ್ಕದ್ದೋ?

ಈಗ ಹಿರಿಯರಿಗೆ ಒಂದು ಮಾತು. ಹುಡುಗಿಯು ಹೇಳಿದಳು, ಆದರೆ ಒಡತಿಯು ಕಿವಿಗೊಡದಿದ್ದರೆ? ಒಡತಿಯು ಕೇಳಿದಳು, ನಾಮಾನನು ಕೇಳಿದನು, ಅರಸನೂ ಕೇಳಿದನು. ಆ ಮೇಲೆ ಯೊರ್ದನ್ ಹೊಳೆಯಲ್ಲಿ ಸ್ನಾನಮಾಡೆಂಬ ಮಾತಿಗೆ ನಾಮಾನನು ಸಿಟ್ಟುಗೊಂಡಾಗ ಅವನನ್ನು ತಿರುಗಿಸಿದವರೂ ಸೇವಕರೇ. ದೇವರ ಮಂದಿರದಲ್ಲಿ ಇಂಥ ಮಾತೇ ಎಂದು ಸಿಟ್ಟುಗೊಳ್ಳುವವರು ಇದನ್ನು ನೆನಪಿಗೆ ತಂದುಕೊಳ್ಳಲಿ.

ಹಾಗಾದರೆ ಮಾಡತಕ್ಕದ್ದೇನು? ಪ್ರತಿ ಸಭೆಯಲ್ಲಿ ಗುಟ್ಟು ಕಾಯಬಲ್ಲ ಒಬ್ಬ ಯುವಕನನ್ನೂ ಒಬ್ಬ ಯುವತಿಯನ್ನೂ ಆರಿಸಿರಿ. ಮಾತಿನ ಜಾಣತನಕ್ಕಿಂತ ನಂಬಿಗೆಯನ್ನು ನೋಡಿರಿ. ಆಸ್ಪತ್ರೆಯ ಸಮಾಲೋಚಕರಿಂದ ಅವರಿಗೆ ಶಿಕ್ಷಣ ಕೊಡಿಸಿರಿ. ಹುಡುಗಿಯರಿಗೆ ಪ್ರತ್ಯೇಕ ಕೂಟವಿರಲಿ. ಹೆಸರಿಲ್ಲದ ಚೀಟಿಯಲ್ಲಿ ಪ್ರಶ್ನೆ ಬರೆದು ಹಾಕುವದಕ್ಕೆ ಒಂದು ಪೆಟ್ಟಿಗೆಯನ್ನಿಡಿರಿ. ದಶಂಬರ 1ರ ಒಂದೇ ದಿನದ ಭಾಷಣದಿಂದ ತೃಪ್ತರಾಗದೆ ತಿಂಗಳು ತಿಂಗಳು ಕೂಡಿಬರಲಿ. ಕೇಳಿದ ಗುಟ್ಟುಗಳನ್ನು ನಮಗೆ ಹೇಳಿರೆಂದು ಹಿರಿಯರು ಅವರನ್ನು ಒತ್ತಾಯಿಸಬೇಡಿರಿ.

ಯೌವನಸ್ಥರೇ, ನಿಮ್ಮ ಪಕ್ಕದಲ್ಲಿ ಕೂತವನ ಜೀವವು ನೀವು ಹೇಳುವ ಒಂದು ಮಾತಿನ ಮೇಲೆ ನಿಂತಿರಬಹುದು. ಚಿಕ್ಕವರೆಂದು ಹಿಂಜರಿಯಬೇಡಿರಿ. ಹೆಸರಿಲ್ಲದ ಆ ಹುಡುಗಿಯ ಬಾಯನ್ನು ತೆರೆದ ದೇವರು ನಿಮ್ಮ ಬಾಯನ್ನೂ, ನಮ್ಮೆಲ್ಲರ ಕಿವಿಗಳನ್ನೂ ತೆರೆಯಲಿ. ಆಮೆನ್.